ಮುಟ್ಟು ನಿಲ್ಲುವ ಹೊತ್ತಿಗೇ ಶುಗರ್ ಏರುವುದೇಕೆ?

ಓದುಗರ ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು, ವಯಸ್ಸು 47. ಒಂದು ವರ್ಷದಿಂದ ಮುಟ್ಟು ಏರುಪೇರಾಗಿದೆ, ಬಂದರೆ ಎಂಟು ಹತ್ತು ದಿನ ವಿಪರೀತ ಹೋಗುತ್ತದೆ. ಹಿಮೋಗ್ಲೋಬಿನ್ 9.2 ಇದೆ. ಹೋದ ತಿಂಗಳು ಖಾಲಿ ಹೊಟ್ಟೆಯ ಶುಗರ್ 117, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.6 ಬಂತು. ಎರಡನೇ ಬಸಿರಿನಲ್ಲಿ ಶುಗರ್ ಕಾಣಿಸಿಕೊಂಡು ಹೆರಿಗೆಯಾದ ಮೇಲೆ ಹೋಗಿತ್ತು. 21 ವರ್ಷದ ಮಗಳಿಗೆ ಪಿಸಿಒಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಎಂದು ಹಾರ್ಮೋನ್ ಮಾತ್ರೆ, ಮೆಟ್‌ಫಾರ್ಮಿನ್ ಕೊಟ್ಟಿದ್ದಾರೆ. ನಮ್ಮ ಮನೆಯವರಿಗೆ 54, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಈಚೆಗೆ ಸುಸ್ತು ಎನ್ನುತ್ತಾರೆ, ಯಾರೋ ಗಂಡು ಹಾರ್ಮೋನ್ ಆದ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ತೆಗೆದುಕೊಳ್ಳಿ ಅಂದಿದ್ದಾರೆ. ಈ ಹಾರ್ಮೋನುಗಳಿಗೂ ಇನ್ಸುಲಿನ್‌ಗೂ ನಿಜವಾಗಿ ಸಂಬಂಧ ಇದೆಯೇ? ನಾನು ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಶುಗರ್ ಇಳಿಯುತ್ತದೆಯೇ? ಗರ್ಭಕೋಶ ತೆಗೆಸಿ ಎನ್ನುತ್ತಿದ್ದಾರೆ, ಅದರಿಂದ ತೊಂದರೆಯೇ?

ಉತ್ತರ: ಸಂಬಂಧ ಖಂಡಿತ ಇದೆ. ಅಂಡಾಶಯ ಮತ್ತು ವೃಷಣದ ಹಾರ್ಮೋನುಗಳ ಹಿಡಿತ ಮುಟ್ಟು, ಮೀಸೆ, ಮಕ್ಕಳು ಇಷ್ಟಕ್ಕೇ ಮುಗಿಯುವುದಿಲ್ಲ. ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳವರೆಗೂ ಹೋಗುತ್ತದೆ. ಹಾಗೆಂದು ಮುಟ್ಟು ತಪ್ಪಿದ ಕೂಡಲೇ ಇನ್ಸುಲಿನ್ ನಿಂತುಹೋಗುತ್ತದೆ ಎಂದು ತಿಳಿಯಬೇಡಿ. ಅಂಡಾಶಯ ಮಾಡುವ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಆ ಕೋಶಗಳಿಗೆ ಒತ್ತಾಸೆಯಾಗಿ ನಿಂತಿರುತ್ತದೆ. ಒತ್ತಾಸೆ ಸಡಿಲವಾದಾಗ, ಮೊದಲೇ ತ್ರಾಣ ಕಡಿಮೆಯಿದ್ದವರಲ್ಲಿ ಶುಗರ್ ಮೇಲೆ ಬರುತ್ತದೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮುಟ್ಟಿನ ಏರುಪೇರಿಗಿಂತ ಎರಡನೇ ಬಸಿರಿನ ಶುಗರ್. ಅದರ ವಿಚಾರಕ್ಕೆ ಬರುವ ಮೊದಲು ಕೋಶದೊಳಗೆ ಏನಾಗುತ್ತದೆ ಎಂದು ನೋಡೋಣ.

ಮೇದೋಜೀರಕ ಗ್ರಂಥಿ ಜಠರದ ಹಿಂದೆ ಅಡ್ಡಲಾಗಿ ಇರುತ್ತದೆ. ಅದರ ಬಹುಪಾಲಿನ ಕೆಲಸ ಜೀರ್ಣರಸ ತಯಾರಿಸುವುದು. ನಡುನಡುವೆ ಸುಮಾರು 10 ಲಕ್ಷ ಪುಟ್ಟ ಕೋಶಗುಂಪುಗಳು ಚದುರಿಕೊಂಡಿವೆ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಇವನ್ನು ಗುರುತಿಸಿದ್ದರಿಂದ ಲ್ಯಾಂಗರ್‌ಹಾನ್ಸ್ ದ್ವೀಪಗಳು ಎಂಬ ಹೆಸರು ಬಂತು. ಎಲ್ಲವನ್ನೂ ಸೇರಿಸಿದರೂ ಗ್ರಂಥಿಯ ತೂಕದಲ್ಲಿ ಶೇಕಡಾ 1ರಿಂದ 2 ಮಾತ್ರ. ಈ ದ್ವೀಪಗಳಲ್ಲಿರುವ ಬೀಟಾ ಕೋಶಗಳೇ ಇನ್ಸುಲಿನ್ ಮಾಡುವುದು. ಊಟವಾದ ಮೇಲೆ ಗ್ಲೂಕೋಸ್ ಬೀಟಾ ಕೋಶದೊಳಗೆ ಹೋಗಿ ಬಳಕೆಯಾದಾಗ ಎಟಿಪಿ ಎಂಬ ಶಕ್ತಿದ್ರವ್ಯ ಹೆಚ್ಚುತ್ತದೆ. ಅದು ಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ನಾಳವನ್ನು ಮುಚ್ಚಿಸುತ್ತದೆ, ಕ್ಯಾಲ್ಸಿಯಂ ಒಳಗೆ ಬರುತ್ತದೆ, ಆಗಲೇ ತಯಾರಾಗಿ ಕೂತಿದ್ದ ಇನ್ಸುಲಿನ್ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಖಾಲಿಯಾದಷ್ಟನ್ನು ಮತ್ತೆ ತುಂಬಿಸಲು ಕೋಶ ಮೊದಲು ಪ್ರೊಇನ್ಸುಲಿನ್ ಎಂಬ ಉದ್ದನೆಯ ಸರಪಳಿ ಮಾಡಿ, ಅದನ್ನು ಸರಿಯಾಗಿ ಮಡಿಚಿ, ನಡುವಿನ ತುಂಡನ್ನು ಕತ್ತರಿಸಿ ತೆಗೆಯಬೇಕು. ಆ ತುಂಡೇ ಸಿ-ಪೆಪ್ಟೈಡ್. ದೇಹ ಸ್ವಂತವಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂದು ತಿಳಿಯಲು ಲ್ಯಾಬಿನಲ್ಲಿ ಅಳೆಯುವುದು ಇದನ್ನೇ.

ಈ ಕೆಲಸದ ಪ್ರತಿ ಹಂತದಲ್ಲೂ ಈಸ್ಟ್ರೋಜನ್ ಕೈಯಾಡಿಸುತ್ತದೆ. ಬೀಟಾ ಕೋಶದಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಮುಖ್ಯವಾಗಿ ಎರಡು ಬಗೆ, ಆಲ್ಫಾ ಮತ್ತು ಬೀಟಾ. ಆಲ್ಫಾ ಗ್ರಾಹಕದ ಮೂಲಕ ಈಸ್ಟ್ರೋಜನ್ ಇನ್ಸುಲಿನ್ ತಯಾರಿಕೆಯ ಜೀನನ್ನು ಚುರುಕುಗೊಳಿಸುತ್ತದೆ, ಪ್ರೊಇನ್ಸುಲಿನ್ ತಪ್ಪಾಗಿ ಮಡಿಚಿಕೊಂಡು ಕೋಶದೊಳಗೆ ಕಸದಂತೆ ಸೇರುವುದನ್ನು ತಗ್ಗಿಸುತ್ತದೆ, ಒತ್ತಡದಲ್ಲಿರುವ ಕೋಶ ಸಾಯದಂತೆ ತಡೆಯುತ್ತದೆ. ಬೀಟಾ ಕೋಶವನ್ನು ಕೊಲ್ಲುವ ಸ್ಟ್ರೆಪ್ಟೊಜೊಟೊಸಿನ್ ಎಂಬ ಔಷಧಿಯನ್ನು ಇಲಿಗಳಿಗೆ ಕೊಟ್ಟಾಗ, ಈ ಗ್ರಾಹಕವೇ ಇಲ್ಲದ ಇಲಿಗಳಿಗೆ ಬೇಗ ಮಧುಮೇಹ ಬರುತ್ತದೆ. ಬೀಟಾ ಗ್ರಾಹಕದ ಕೆಲಸ ಬಿಡುಗಡೆಯ ಕಡೆಗೆ: ಗ್ಲೂಕೋಸ್ ಏರಿದಾಗ ಪೊಟ್ಯಾಸಿಯಂ ನಾಳ ಮುಚ್ಚಲು ಅದು ನೆರವಾಗುತ್ತದೆ. ಇದರ ಜೊತೆಗೆ ಕರುಳಿನಲ್ಲೂ ದ್ವೀಪಗಳಲ್ಲೇ ಇರುವ ಆಲ್ಫಾ ಎಂಬ ಇನ್ನೊಂದು ಬಗೆಯ ಕೋಶಗಳಲ್ಲೂ ಜಿಎಲ್‌ಪಿ-1 ಎಂಬ ಹಾರ್ಮೋನ್ ಹೆಚ್ಚಾಗುವಂತೆ ಈಸ್ಟ್ರೋಜನ್ ಮಾಡುತ್ತದೆ. ಊಟ ಬಿತ್ತು, ಇನ್ಸುಲಿನ್ ಬಿಡು ಎಂದು ಬೀಟಾ ಕೋಶಕ್ಕೆ ತಿಳಿಸುವ ಹಾರ್ಮೋನ್ ಅದು.

ಇದೆಲ್ಲ ನಿನ್ನೆ ಮೊನ್ನೆ ಗೊತ್ತಾದದ್ದೇನಲ್ಲ. ಅರ್ಜೆಂಟೀನಾದ ಬರ್ನಾರ್ಡೊ ಹೌಸೇ (1947ರ ನೊಬೆಲ್ ಪುರಸ್ಕೃತರು) ಮತ್ತು ಅವರ ಜೊತೆಗಾರರು 1950ರ ದಶಕದಲ್ಲೇ, ಮೇದೋಜೀರಕದ ಬಹುಭಾಗ ತೆಗೆದ ಇಲಿಗಳಲ್ಲಿ ಈಸ್ಟ್ರೋಜನ್ ಮಧುಮೇಹಕ್ಕೆ ಅಡ್ಡಿಯಾಗುತ್ತದೆ ಎಂದು ತೋರಿಸಿದ್ದರು. ಗಂಡಸರಿಗೂ ಸ್ವಲ್ಪ ಈಸ್ಟ್ರೋಜನ್ ಬೇಕೇ ಬೇಕು. ಅವರ ದೇಹ ಟೆಸ್ಟೋಸ್ಟಿರೋನ್‌ನ ಒಂದು ಪಾಲನ್ನು ಈಸ್ಟ್ರೋಜನ್ ಆಗಿ ಬದಲಿಸಿಕೊಳ್ಳುತ್ತದೆ. ಆಲ್ಫಾ ಗ್ರಾಹಕ ಹುಟ್ಟಿನಿಂದಲೇ ಕೆಲಸ ಮಾಡದ ಒಬ್ಬ ಪುರುಷನ ವಿವರ 1994ರಲ್ಲಿ ಪ್ರಕಟವಾಯಿತು. ಆತನ ರಕ್ತದಲ್ಲಿ ಇನ್ಸುಲಿನ್ ಬೇಕಾದ್ದಕ್ಕಿಂತ ಹೆಚ್ಚಿತ್ತು, ಆದರೂ ಗ್ಲೂಕೋಸ್ ಹಿಡಿತದಲ್ಲಿರಲಿಲ್ಲ.

ಈಗ ನಿಮ್ಮ ಬಸಿರಿನ ಮಾತು. ಬಸಿರಿನ ಎರಡನೇ ಭಾಗದಲ್ಲಿ ಪ್ರೊಜೆಸ್ಟಿರೋನ್, ಮಾಸು ಅಂದರೆ ಪ್ಲಾಸೆಂಟಾದ ಲ್ಯಾಕ್ಟೋಜನ್, ಕಾರ್ಟಿಸಾಲ್ ಎಲ್ಲ ಸೇರಿ ತಾಯಿಯ ದೇಹ ಇನ್ಸುಲಿನ್‌ಗೆ ಜಗ್ಗದಂತೆ ಮಾಡುತ್ತವೆ. ಮಗುವಿಗೆ ಗ್ಲೂಕೋಸ್ ಸಾಕಷ್ಟು ಸಿಗಲಿ ಎಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಇದಕ್ಕೆ ಸರಿಯಾಗಿ ಬೀಟಾ ಕೋಶಗಳು ಎರಡು ಪಟ್ಟಿಗಿಂತ ಹೆಚ್ಚು ಇನ್ಸುಲಿನ್ ಒದಗಿಸಬೇಕಾಗುತ್ತದೆ. ಲ್ಯಾಕ್ಟೋಜನ್ ಮತ್ತು ಪ್ರೊಲ್ಯಾಕ್ಟಿನ್ ಆ ಕೋಶಗಳನ್ನು ಹೆಚ್ಚಿಸಿ ಸಹಾಯವನ್ನೂ ಮಾಡುತ್ತವೆ. ಹೆಚ್ಚಿನವರಲ್ಲಿ ಲೆಕ್ಕ ಸರಿಹೋಗುತ್ತದೆ. ಸರಿಹೋಗದವರಲ್ಲಿ ಬಸಿರಿನ ಶುಗರ್ ಕಾಣಿಸಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾವಿಯ ತಳ ಕಂಡಂತೆ. ಮಾಸು ಹೊರಬಿದ್ದ ಮೇಲೆ ಬೇಡಿಕೆ ಇಳಿದು ಶುಗರ್ ಸರಿಯಾಗುತ್ತದೆ, ಎಲ್ಲರೂ ಮರೆತುಬಿಡುತ್ತಾರೆ. ಆದರೆ ಬಸಿರಿನಲ್ಲಿ ಶುಗರ್ ಬಂದವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು. ಹೆರಿಗೆಯಾದ ಆರು ವಾರಕ್ಕೆ ಒಮ್ಮೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ನಮ್ಮ ಕಡೆ ಬಾಣಂತನದ ಗಡಿಬಿಡಿಯಲ್ಲಿ ಈ ಆರು ವಾರದ ಪರೀಕ್ಷೆ ಬಿಟ್ಟುಹೋಗುವುದೇ ಹೆಚ್ಚು. ಮಗುವಿನ ಲಸಿಕೆಗೆ ಆಸ್ಪತ್ರೆಗೆ ಹೋಗುವ ದಿನವೇ ತಾಯಿಯ ಪರೀಕ್ಷೆಯನ್ನೂ ಮಾಡಿಸಿದರೆ ತಪ್ಪುವುದಿಲ್ಲ. ನಿಮ್ಮ ಊರಿನ ಬಾಣಂತಿಯರಿಗೆ ದಯವಿಟ್ಟು ಹೇಳಿ.

ಹಾಗಾಗಿ ಈಗ ಏರಿರುವ ಶುಗರ್‌ಗೆ ಮುಟ್ಟೊಂದನ್ನೇ ದೂರಬೇಡಿ. ನಿಮ್ಮ ಬೀಟಾ ಕೋಶಗಳ ತ್ರಾಣ ಎಷ್ಟು ಎಂಬುದು ಅಂದೇ ಗೊತ್ತಾಗಿತ್ತು. ಈಸ್ಟ್ರೋಜನ್ ಇಳಿಯುವ ಈ ವಯಸ್ಸಿನಲ್ಲಿ ಕೋಶಗಳ ಮೇಲಿನ ರಕ್ಷಣೆ ತೆಳುವಾಗುತ್ತದೆ, ಜೊತೆಗೆ ಕೊಬ್ಬು ತೊಡೆ ಸೊಂಟ ಬಿಟ್ಟು ಹೊಟ್ಟೆಗೆ ಮತ್ತು ಲಿವರಿಗೆ ಸೇರತೊಡಗುತ್ತದೆ. ಲಿವರಿನಲ್ಲಿ ಕೊಬ್ಬು ಹೆಚ್ಚಿದರೆ ಅದು ಇನ್ಸುಲಿನ್ ಮಾತು ಕೇಳುವುದಿಲ್ಲ, ರಾತ್ರಿಯಿಡೀ ಗ್ಲೂಕೋಸ್ ಸುರಿಯುತ್ತದೆ, ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಏರುತ್ತದೆ. ತೂಕ ಅಷ್ಟೇ ಇದ್ದರೂ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದ್ದರೆ ನಮ್ಮ ಹೆಂಗಸರಲ್ಲಿ ಎಚ್ಚರ ಬೇಕು. ಗಂಡಸರಿಗೆ ಈ ಗಡಿ 90.

ಮೊದಲು, ನಿಮಗೆ ಮಧುಮೇಹ ಇದೆಯೋ ಇಲ್ಲವೋ ಎನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ಖಾಲಿ ಹೊಟ್ಟೆಯ 117 ಮಧುಮೇಹದ ಅಂಚು (100ರಿಂದ 125). 126 ಮುಟ್ಟಿದರೆ ಮಧುಮೇಹ. ಎಚ್‌ಬಿಎ1ಸಿ 6.6 ಮಾತ್ರ ಮಧುಮೇಹದ ಗೆರೆಯಾದ 6.5 ದಾಟಿದೆ. ಎರಡೂ ಹೊಂದುತ್ತಿಲ್ಲ. ಕಾರಣ ನಿಮ್ಮ ಹಿಮೋಗ್ಲೋಬಿನ್ ಇರಬಹುದು. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಗ್ಲೂಕೋಸ್ ಅಂಟಿದೆ ಎಂಬುದನ್ನು. ಕಬ್ಬಿಣದ ಕೊರತೆಯಿದ್ದಾಗ ಹೊಸ ಕಣಗಳು ಕಡಿಮೆ ಹುಟ್ಟುತ್ತವೆ, ಹಳೆಯವೇ ಹೆಚ್ಚು ದಿನ ಓಡಾಡುತ್ತವೆ, ಆದ್ದರಿಂದ ಅಂಕಿ ನಿಜಕ್ಕಿಂತ ಮೇಲೆ ಬರುತ್ತದೆ. ಕಬ್ಬಿಣದ ಮಾತ್ರೆ ಶುರು ಮಾಡಿದ ಮೇಲೆ ಹೊಸ ಕಣಗಳು ಒಟ್ಟಿಗೆ ಬಂದು ಅಂಕಿ ಕೆಳಗೆ ಬೀಳುತ್ತದೆ, ಶುಗರ್ ಇಳಿಯಿತು ಎಂದು ಸಂತೋಷಪಟ್ಟರೆ ಅದೂ ತಪ್ಪು. ಮುಟ್ಟು ನಿಲ್ಲುವ ವಯಸ್ಸಿನ, ವಿಪರೀತ ರಕ್ತ ಹೋಗುವ ಹೆಂಗಸರಲ್ಲಿ ಎಚ್‌ಬಿಎ1ಸಿ ಒಂದನ್ನೇ ನೋಡಿ ಜೀವನಪೂರ್ತಿಯ ಮಾತ್ರೆ ಶುರು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹಿಮೋಗ್ಲೋಬಿನ್ ಸರಿಯಾಗಿ ಮೂರು ತಿಂಗಳು ಕಳೆದ ಮೇಲೆ ಆ ಪರೀಕ್ಷೆ ನಂಬಿಕೆಗೆ ಬರುತ್ತದೆ.

ಅಲ್ಲಿಯವರೆಗೆ ಬೇಕಾದದ್ದು 75 ಗ್ರಾಂ ಗ್ಲೂಕೋಸ್ ಪರೀಕ್ಷೆ. ಇದನ್ನು ಸರಿಯಾಗಿ ಮಾಡಿಸುವುದರಲ್ಲೇ ಎಲ್ಲ ಇದೆ. ಹಿಂದಿನ ಮೂರು ದಿನ ಎಂದಿನಂತೆ ಊಟ ಮಾಡಿ. ಪರೀಕ್ಷೆಗೆ ಹೆದರಿ ಅನ್ನ ಬಿಟ್ಟರೆ, ಪರೀಕ್ಷೆಯ ದಿನ ಬೀಟಾ ಕೋಶ ತಡವಾಗಿ ಎಚ್ಚೆತ್ತು ಶುಗರ್ ಸುಳ್ಳು ಸುಳ್ಳೇ ಹೆಚ್ಚು ಬರುತ್ತದೆ. ರಾತ್ರಿ ಊಟದ ನಂತರ 8ರಿಂದ 10 ಗಂಟೆ ನೀರು ಬಿಟ್ಟು ಏನೂ ಬೇಡ. ಬೆಳಗಿನ ಕಾಫಿಯೂ ಬೇಡ, ಎಲೆ ಅಡಿಕೆಯೂ ಬೇಡ. ಲ್ಯಾಬಿನಲ್ಲಿ ಮೊದಲು ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸನ್ನು 250ರಿಂದ 300 ಮಿ.ಲೀ. ನೀರಿನಲ್ಲಿ ಕರಗಿಸಿ ಐದು ನಿಮಿಷದೊಳಗೆ ಕುಡಿಯಬೇಕು. ನೀರಿನಂಶ ಸೇರಿದ ಮೋನೊಹೈಡ್ರೇಟ್ ಪುಡಿಯಾದರೆ 82.5 ಗ್ರಾಂ ಬೇಕು. ಪೊಟ್ಟಣದ ಮೇಲೆ ಬರೆದಿರುತ್ತದೆ, ಕೇಳಿ. ನಿಂಬೆಹಣ್ಣಿನ ನಾಲ್ಕು ಹನಿ ಹಿಂಡಿಕೊಂಡರೆ ಓಕರಿಕೆ ತಡೆಯುತ್ತದೆ. ಮೊದಲ ಗುಟುಕಿನಿಂದ ಗಡಿಯಾರ ನೋಡಿ ಎರಡು ಗಂಟೆ ಕೂತಿರಿ. ಪೇಟೆ ಕೆಲಸ ಮುಗಿಸಿ ಬರುತ್ತೇನೆಂದು ಓಡಾಡಿದರೆ ಸ್ನಾಯುಗಳು ಗ್ಲೂಕೋಸ್ ಎಳೆದುಕೊಂಡು ಅಂಕಿ ಕಡಿಮೆಯಾಗುತ್ತದೆ. ವಾಂತಿಯಾದರೆ ಆ ದಿನದ ಪರೀಕ್ಷೆ ಬಿಡಿ. ಎರಡು ಗಂಟೆಯ ಅಂಕಿ 200 ಅಥವಾ ಹೆಚ್ಚಾದರೆ ಮಧುಮೇಹ, 140ರಿಂದ 199 ಆದರೆ ಅಂಚು. ಬಾಯಾರಿಕೆ, ತೂಕ ಇಳಿಕೆಯಂಥ ಲಕ್ಷಣ ಇಲ್ಲದಿದ್ದರೆ ಎರಡು ಫಲಿತಾಂಶಗಳು ಒಂದನ್ನೊಂದು ಬೆಂಬಲಿಸಿದ ಮೇಲೆಯೇ ಕಾಯಿಲೆ ಎಂದು ಬರೆಯಬೇಕು.

ಇನ್ನೊಂದು ವಿಷಯವನ್ನು ಹಳ್ಳಿಯ ಕಡೆಯವರು ಗಮನಿಸಲೇಬೇಕು. ತಾಲ್ಲೂಕಿನಲ್ಲಿ ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸುವ ಕಲೆಕ್ಷನ್ ಸೆಂಟರ್‌ಗಳಿವೆ. ಸಾದಾ ಟ್ಯೂಬಿನಲ್ಲಿ ರಕ್ತ ಹಾಗೇ ಇದ್ದರೆ ರಕ್ತಕಣಗಳು ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ನಿಜವಾದ 128 ದಾರಿಯಲ್ಲೇ 110 ಆಗಿಬಿಡಬಹುದು. ಗ್ಲೂಕೋಸ್ ಪರೀಕ್ಷೆಗೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಬಳಸುತ್ತಾರೆಯೇ, ಬೇಗ ಬೇರ್ಪಡಿಸುತ್ತಾರೆಯೇ ಕೇಳಿ. ಫ್ಲೋರೈಡ್ ಕೂಡ ಮೊದಲ ಒಂದೆರಡು ಗಂಟೆ ಪೂರ್ತಿ ತಡೆಯುವುದಿಲ್ಲ. ಅಲ್ಲೇ ಯಂತ್ರವಿರುವ ಲ್ಯಾಬಾದರೆ ಇನ್ನೂ ಒಳ್ಳೆಯದು. ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ದಿನದಿನದ ಲೆಕ್ಕಕ್ಕೆ ಸರಿ, ಕಾಯಿಲೆ ಇದೆಯೆಂದು ತೀರ್ಮಾನಿಸಲು ಸಾಲದು.

ಗರ್ಭಕೋಶದ ಪ್ರಶ್ನೆಗೆ ಬರೋಣ. ಈಸ್ಟ್ರೋಜನ್ ಮಾಡುವುದು ಅಂಡಾಶಯ, ಗರ್ಭಕೋಶವಲ್ಲ. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದರೆ ಹಾರ್ಮೋನ್ ಒಮ್ಮೆಲೇ ನಿಲ್ಲುವುದಿಲ್ಲ, ಆದರೆ ರಕ್ತದ ಪೂರೈಕೆ ತಗ್ಗಿ ಕೆಲವರಲ್ಲಿ ಒಂದೆರಡು ವರ್ಷ ಬೇಗ ಇಳಿಯಬಹುದು. ಎರಡೂ ಅಂಡಾಶಯ ತೆಗೆದರೆ ಮಾತ್ರ ರಾತ್ರೋರಾತ್ರಿ ಮುಟ್ಟು ನಿಂತವರ ಸ್ಥಿತಿ ಬರುತ್ತದೆ, ಮತ್ತು ಅಂಥವರಲ್ಲಿ ಮುಂದೆ ಮಧುಮೇಹ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ನಮ್ಮ ರಾಜ್ಯದಲ್ಲಿ ನಲವತ್ತರ ಒಳಗೇ ಗರ್ಭಕೋಶ, ಅಂಡಾಶಯ ಎಲ್ಲ ಒಟ್ಟಿಗೆ ತೆಗೆಸಿಕೊಂಡ ಹೆಂಗಸರನ್ನು ನೋಡಿದಾಗ ನೋವಾಗುತ್ತದೆ. "ಇನ್ನೇನು ಬೇಕು ಅದು" ಎಂಬ ಒಂದು ಮಾತಿಗೆ ಎಲುಬು, ಹೃದಯ, ಇನ್ಸುಲಿನ್ ಮೂರರ ರಕ್ಷಣೆ ಹೋಗಿರುತ್ತದೆ. ಕ್ಯಾನ್ಸರಿನ ಅನುಮಾನವೋ ಮನೆತನದಲ್ಲಿ ಅಂಡಾಶಯದ ಕ್ಯಾನ್ಸರ್ ಇರುವುದೋ ಆದರೆ ಮಾತು ಬೇರೆ. ಇಲ್ಲದಿದ್ದರೆ ಡಾಕ್ಟರನ್ನು ನೇರವಾಗಿ ಕೇಳಿ: ಅಂಡಾಶಯ ಉಳಿಸುತ್ತೀರಾ? ಒಪ್ಪಿಗೆ ಪತ್ರದಲ್ಲಿ ಏನು ಬರೆದಿದೆ ಎಂದು ಓದಿಸಿಕೊಂಡೇ ಸಹಿ ಮಾಡಿ.

ಅದಕ್ಕೂ ಮೊದಲು ಆಪರೇಷನ್ ಬೇಕೇ ಎಂಬುದು ನೋಡಬೇಕಾದದ್ದು. 45 ದಾಟಿದವರಲ್ಲಿ ಹೀಗೆ ರಕ್ತ ಹೋದರೆ ಸ್ಕ್ಯಾನಿಂಗ್ ಜೊತೆಗೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷಿಸಬೇಕು, ಥೈರಾಯ್ಡ್ ನೋಡಬೇಕು. ಕೆಟ್ಟದ್ದೇನೂ ಇಲ್ಲವೆಂದಾದರೆ ಮುಟ್ಟಿನ ದಿನಗಳಿಗೆ ಮಾತ್ರ ರಕ್ತ ಹೋಗುವುದನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಇಲ್ಲವೇ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುವ, ಗರ್ಭಕೋಶದೊಳಗೆ ಕೂರಿಸುವ ವಂಕಿ ಹೆಚ್ಚಿನವರಿಗೆ ಸಾಕಾಗುತ್ತದೆ. ವಂಕಿಯ ಹಾರ್ಮೋನ್ ಬಹುಮಟ್ಟಿಗೆ ಅಲ್ಲೇ ಕೆಲಸ ಮಾಡುವುದರಿಂದ ಶುಗರ್ ಮೇಲೆ ಪರಿಣಾಮ ತೀರಾ ಕಡಿಮೆ. ರಕ್ತ ನಿಲ್ಲಿಸಲು ಕೊಡುವ ನಾರ್‌ಎಥಿಸ್ಟಿರೋನ್ ಮಾತ್ರೆ ಆ ದಿನಗಳಲ್ಲಿ ಶುಗರನ್ನು ಅಲ್ಪಸ್ವಲ್ಪ ಏರಿಸಬಹುದು; ಅಂಥ ವಾರದಲ್ಲಿ ಗ್ಲೂಕೋಸ್ ಪರೀಕ್ಷೆ ಇಟ್ಟುಕೊಳ್ಳಬೇಡಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದ ಹತ್ತಿರ ನುಂಗಬೇಡಿ, ಎರಡು ಗಂಟೆ ಅಂತರವಿರಲಿ. ದಿನಕ್ಕೆ ಮೂರು ನಾಲ್ಕು ಸಲ ಕಾಫಿ ಕುಡಿಯುವ ಮಲೆನಾಡಿನ ಮನೆಗಳಲ್ಲಿ ಕಬ್ಬಿಣ ಮೈಗೆ ಹತ್ತದಿರಲು ಇದೊಂದು ದೊಡ್ಡ ಕಾರಣ.

ಹಾರ್ಮೋನ್ ಮಾತ್ರೆಯಿಂದ ಶುಗರ್ ಇಳಿಯುತ್ತದೆಯೇ ಎಂದರೆ, ಸ್ವಲ್ಪ ಮಟ್ಟಿಗೆ ಹೌದು. ಅಮೆರಿಕದ ಎರಡು ದೊಡ್ಡ ಪ್ರಯೋಗಗಳಲ್ಲಿ, ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟಿರೋನಿನಂಥ ಔಷಧಿ) ತೆಗೆದುಕೊಂಡ ಮುಟ್ಟು ನಿಂತ ಹೆಂಗಸರಲ್ಲಿ ಹೊಸದಾಗಿ ಮಧುಮೇಹ ಬರುವುದು ಕಡಿಮೆಯಾಯಿತು: 2003ರಲ್ಲಿ ಪ್ರಕಟವಾದ ಹರ್ಸ್ ಅಧ್ಯಯನದಲ್ಲಿ ಶೇಕಡಾ 35, 2004ರಲ್ಲಿ ಪ್ರಕಟವಾದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್‌ನಲ್ಲಿ ಶೇಕಡಾ 21. ಹೀಗಿದ್ದೂ ಮಧುಮೇಹ ತಡೆಯಲೆಂದು ಈ ಮಾತ್ರೆ ಕೊಡಬಾರದು ಎಂಬುದೇ ಇಂದಿನ ತಿಳಿವಳಿಕೆ. ರಕ್ತ ಹೆಪ್ಪುಗಟ್ಟುವುದು, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಇವುಗಳ ಅಪಾಯವನ್ನು ಈ ಲಾಭ ಸರಿಗಟ್ಟುವುದಿಲ್ಲ. ಮೈ ಬಿಸಿಯೇರಿ ಬೆವರಿ ನಿದ್ದೆಗೆಡುವಷ್ಟು ತೊಂದರೆ ಇದ್ದರೆ, ವಯಸ್ಸು 60ರ ಒಳಗಿದ್ದರೆ, ಮುಟ್ಟು ನಿಂತು 10 ವರ್ಷ ಆಗಿರದಿದ್ದರೆ, ಸ್ತ್ರೀರೋಗ ತಜ್ಞರು ತೂಗಿ ನೋಡಿ ಕೊಡಬಹುದು. ಆಗ ಶುಗರ್ ಇರುವವರಿಗೆ ನುಂಗುವ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪಟ್ಟಿ ಮೇಲು, ಏಕೆಂದರೆ ಅದು ಲಿವರನ್ನು ಮೊದಲು ಹಾಯ್ದು ಹೋಗುವುದಿಲ್ಲ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ಎಂದೂ ತೆಗೆದುಕೊಳ್ಳಬಾರದು, ಒಳಪದರ ಬೆಳೆದು ಕ್ಯಾನ್ಸರಿಗೆ ದಾರಿಯಾಗುತ್ತದೆ; ಪ್ರೊಜೆಸ್ಟಿರೋನ್ ಜೊತೆಗಿರಬೇಕು. ನಿಮ್ಮ ವಿಚಾರದಲ್ಲಿ ರಕ್ತ ಹೋಗುವುದರ ಕಾರಣ ತಿಳಿಯುವವರೆಗೆ ಈಸ್ಟ್ರೋಜನ್ ಸುದ್ದಿಯೇ ಬೇಡ. ಸೋಯಾ, ಅಗಸೆಬೀಜ ತಿಂದರೆ ಈಸ್ಟ್ರೋಜನ್ ತುಂಬಿಕೊಳ್ಳುತ್ತದೆ ಎನ್ನುವವರಿದ್ದಾರೆ. ಊಟಕ್ಕೆ ಒಳ್ಳೆಯವೇ, ಅಂಡಾಶಯದ ಬದಲಿ ಆಗುವುದಿಲ್ಲ.

ನಿಮಗೆ ಹೊಂದುವ ಒಂದು ಅಂಶ ಮಾತ್ರ ಗಟ್ಟಿಯಾಗಿ ಹೇಳಬಹುದು. ಹಿಂದೆ ಬಸಿರಿನಲ್ಲಿ ಶುಗರ್ ಬಂದು, ಈಗ ಅಂಚಿನಲ್ಲಿರುವ ಹೆಂಗಸರಲ್ಲಿ ಮೆಟ್‌ಫಾರ್ಮಿನ್ ಮತ್ತು ಜೀವನಕ್ರಮದ ಬದಲಾವಣೆ ಎರಡೂ ಮಧುಮೇಹವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದ್ದನ್ನು ಅಮೆರಿಕದ ಡಯಾಬಿಟಿಸ್ ಪ್ರಿವೆನ್ಶನ್ ಪ್ರೋಗ್ರಾಂ ತೋರಿಸಿದೆ. ಗ್ಲೂಕೋಸ್ ಪರೀಕ್ಷೆಯಲ್ಲಿ ಅಂಚು ಎಂದು ಬಂದರೆ ನಿಮ್ಮ ಡಾಕ್ಟರ ಹತ್ತಿರ ಈ ವಿಷಯ ಎತ್ತಿ. ಹೆರಿಗೆಯ ಹಳೆ ಚೀಟಿ, ತಾಯಿ ಕಾರ್ಡ್ ಉಳಿದಿದ್ದರೆ ಜೊತೆಗೆ ಒಯ್ಯಿರಿ.

ಮಗಳ ಸಮಸ್ಯೆಯಲ್ಲಿ ಇದೇ ಸಂಬಂಧ ತಿರುಗುಮುರುಗಾಗಿದೆ. ಪಿಸಿಒಡಿಯಲ್ಲಿ ಮೊದಲು ಏರುವುದು ಬಹಳ ಮಂದಿಯಲ್ಲಿ ಇನ್ಸುಲಿನ್. ಸ್ನಾಯು, ಲಿವರ್ ಅದಕ್ಕೆ ಜಗ್ಗದಿದ್ದರೂ ಅಂಡಾಶಯ ಜಗ್ಗುತ್ತದೆ, ಎಲ್‌ಎಚ್ ಎಂಬ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನಿನ ಜೊತೆ ಸೇರಿ ಅಲ್ಲಿ ಟೆಸ್ಟೋಸ್ಟಿರೋನ್ ಹೆಚ್ಚು ಮಾಡಿಸುತ್ತದೆ. ಇತ್ತ ಲಿವರಿನಲ್ಲಿ ಟೆಸ್ಟೋಸ್ಟಿರೋನನ್ನು ಹಿಡಿದಿಡುವ ಎಸ್‌ಎಚ್‌ಬಿಜಿ ಪ್ರೋಟೀನ್ ತಯಾರಿ ಇಳಿಯುತ್ತದೆ, ಬಿಡಿ ಟೆಸ್ಟೋಸ್ಟಿರೋನ್ ಇನ್ನೂ ಹೆಚ್ಚುತ್ತದೆ. ಗಲ್ಲದ ಮೇಲೆ ಕೂದಲು, ಮೊಡವೆ, ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು ಇದರಿಂದಲೇ. ಕತ್ತಿನ ಹಿಂಭಾಗ, ಕಂಕುಳು ಮಖಮಲ್ಲಿನಂತೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ. ಉಜ್ಜಿ ಗಾಯ ಮಾಡಿಕೊಳ್ಳಬೇಡ ಎಂದು ಮಗಳಿಗೆ ಹೇಳಿ, ಇನ್ಸುಲಿನ್ ಹೆಚ್ಚಿರುವುದರ ಗುರುತು ಅದು. ಈ ಟೆಸ್ಟೋಸ್ಟಿರೋನ್ ಮತ್ತೆ ಬೀಟಾ ಕೋಶಕ್ಕೇ ತಿರುಗುತ್ತದೆ. ಹೆಣ್ಣು ಇಲಿಗಳಲ್ಲಿ ಅದು ಬೀಟಾ ಕೋಶವನ್ನು ಬಿಡುವಿಲ್ಲದೆ ದುಡಿಸಿ ಸುಸ್ತು ಮಾಡುತ್ತದೆ. ಗಂಡಿನಲ್ಲಿ ಅದೇ ಹಾರ್ಮೋನ್ ಬೀಟಾ ಕೋಶಕ್ಕೆ ಬಲ. ಆಯಾ ದೇಹಕ್ಕೆ ಒಗ್ಗುವ ಮಟ್ಟ ಬೇರೆ ಬೇರೆ: ಹೆಣ್ಣಿಗೆ ಹೆಚ್ಚಾದರೆ ಕಷ್ಟ, ಗಂಡಿಗೆ ಕಡಿಮೆಯಾದರೆ ಕಷ್ಟ.

ಅವಳಿಗೂ 75 ಗ್ರಾಂ ಪರೀಕ್ಷೆ ಒಮ್ಮೆ ಆಗಲಿ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ. ಖಾಲಿ ಹೊಟ್ಟೆಯ ಇನ್ಸುಲಿನ್ ಅಳೆಯುವ ದುಬಾರಿ ಪ್ಯಾಕೇಜ್ ಬೇಡ. ಲ್ಯಾಬಿನಿಂದ ಲ್ಯಾಬಿಗೆ ಅಂಕಿ ಬದಲಾಗುತ್ತದೆ, ಚಿಕಿತ್ಸೆ ಬದಲಾಗುವುದಿಲ್ಲ. ಹಾರ್ಮೋನ್ ಮಾತ್ರೆಯಿಂದ ಮೇದೋಜೀರಕ ಹಾಳಾಗುತ್ತದೆಂಬ ಭಯ ಹಳೆಯ ಕಾಲದ ಹೆಚ್ಚು ಪ್ರಮಾಣದ ಮಾತ್ರೆಗಳ ನೆನಪು. ಈಗಿನ ಕಡಿಮೆ ಪ್ರಮಾಣದವು ಶುಗರನ್ನು ಹೇಳಿಕೊಳ್ಳುವಷ್ಟು ಕೆಡಿಸುವುದಿಲ್ಲ. ಆದರೆ ಬಿಪಿ ನೋಡಿಸಿರಬೇಕು. ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಅರೆತಲೆನೋವು, ಕಾಲಿನ ರಕ್ತನಾಳ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ಈಸ್ಟ್ರೋಜನ್ ಇರುವ ಮಾತ್ರೆ ಕೂಡದು. ಮೆಟ್‌ಫಾರ್ಮಿನ್ ಮೇದೋಜೀರಕವನ್ನು ದುಡಿಸುವುದಿಲ್ಲ, ಲಿವರ್ ಗ್ಲೂಕೋಸ್ ಸುರಿಯುವುದನ್ನು ತಗ್ಗಿಸುತ್ತದೆ. 500 ಮಿ.ಗ್ರಾಂ. ಮಾತ್ರೆಯನ್ನು ರಾತ್ರಿ ಊಟದ ನಡುವೆ ಶುರು ಮಾಡಿ, ವಾರಕ್ಕೊಮ್ಮೆ ಏರಿಸುತ್ತ ಹೋದರೆ ಹೊಟ್ಟೆ ಕೆಡುವುದು ಕಡಿಮೆ. ಬಹುತೇಕರು ಬಿಟ್ಟುಬಿಡುವುದು ಮೊದಲ ದಿನವೇ ಪೂರ್ತಿ ಪ್ರಮಾಣ ನುಂಗಿ ಭೇದಿಯಾದ್ದರಿಂದ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ನೋಡಿಸಬೇಕು, ಸಸ್ಯಾಹಾರಿಗಳಾದರೆ ಇನ್ನೂ ಮುಖ್ಯ. ತೂಕ ಹೆಚ್ಚಿದ್ದರೆ ಶೇಕಡಾ 5ರಿಂದ 10 ಇಳಿದರೂ ಎಷ್ಟೋ ಹುಡುಗಿಯರ ಮುಟ್ಟು ತಾನೇ ಸರಿಯಾಗುತ್ತದೆ. ತೂಕ ಸರಿಯಿದ್ದರೂ ಪಿಸಿಒಡಿ ಬರಬಹುದು, ಅಂಥವಳನ್ನು ಉಪವಾಸ ಕೆಡವಬೇಡಿ. ಮುಂದೆ ಬಸಿರಾದಾಗ ಐದಾರು ತಿಂಗಳು ಕಾಯದೆ ಮೊದಲ ಭೇಟಿಯಲ್ಲೇ ಗ್ಲೂಕೋಸ್ ಪರೀಕ್ಷೆ ಕೇಳಿ, 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ. ಸರ್ಕಾರಿ ಮಾರ್ಗಸೂಚಿಯಲ್ಲೇ ಇದೆ. ಬಸುರಿಯರಿಗೆ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 140 ಮುಟ್ಟಿದರೂ ಚಿಕಿತ್ಸೆ ಬೇಕು. ನಿಮಗಿದ್ದ ಬಸಿರಿನ ಶುಗರ್ ವಿಷಯ ಅವಳ ಚೀಟಿಯಲ್ಲಿ ದಾಖಲಾಗಲಿ.

ನಿಮ್ಮ ಯಜಮಾನರ ಇಂಜೆಕ್ಷನ್ ವಿಚಾರದಲ್ಲಿ ಅವಸರ ಬೇಡ. ಗಂಡಸಿನ ಬೀಟಾ ಕೋಶದಲ್ಲಿ ಟೆಸ್ಟೋಸ್ಟಿರೋನ್ ಗ್ರಾಹಕವಿದೆ. ಅದು ಜಿಎಲ್‌ಪಿ-1ರ ಸಂದೇಶಕ್ಕೆ ಬಲ ಕೊಟ್ಟು ಇನ್ಸುಲಿನ್ ಬಿಡುಗಡೆ ಹೆಚ್ಚಿಸುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಟೆಸ್ಟೋಸ್ಟಿರೋನ್ ತಗ್ಗಿಸುವ ಚಿಕಿತ್ಸೆ ಪಡೆದವರಲ್ಲಿ ಮಧುಮೇಹ ಹೆಚ್ಚುವುದು ಇದಕ್ಕೆ ತಕ್ಕಂತೆಯೇ ಇದೆ. ಆದರೆ ಕೊಟ್ಟರೆ ಗುಣವಾಗುತ್ತದೆಯೇ? ಆಸ್ಟ್ರೇಲಿಯಾದಲ್ಲಿ 50ರಿಂದ 74 ವರ್ಷದ 1007 ಗಂಡಸರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಥ್ಯ ವ್ಯಾಯಾಮದ ಜೊತೆ ಎರಡು ವರ್ಷ ಇಂಜೆಕ್ಷನ್ ಪಡೆದವರಲ್ಲಿ ಸುಮಾರು ಶೇಕಡಾ 12 ಮಂದಿ ಮಧುಮೇಹದ ಮಟ್ಟದಲ್ಲಿದ್ದರು, ಖಾಲಿ ಇಂಜೆಕ್ಷನ್ ಪಡೆದವರಲ್ಲಿ ಶೇಕಡಾ 21. ಅದೇ ಪ್ರಯೋಗದಲ್ಲಿ ಇಂಜೆಕ್ಷನ್ ಪಡೆದವರಲ್ಲಿ ಐದರಲ್ಲಿ ಒಬ್ಬರಿಗೆ ರಕ್ತ ದಪ್ಪವಾಯಿತು, ಅಂದರೆ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 54 ಮುಟ್ಟಿತು. 2024ರಲ್ಲಿ ಬಂದ ಟ್ರಾವರ್ಸ್ ಅಧ್ಯಯನದ ವರದಿಯಲ್ಲಿ, ಟೆಸ್ಟೋಸ್ಟಿರೋನ್ ಕೊಟ್ಟದ್ದು ಮಧುಮೇಹದ ಅಂಚಿನಲ್ಲಿದ್ದವರಿಗೆ ಕಾಯಿಲೆ ಬರುವುದನ್ನು ತಡೆಯಲಿಲ್ಲ, ಕಾಯಿಲೆ ಇದ್ದವರ ಶುಗರನ್ನೂ ಸುಧಾರಿಸಲಿಲ್ಲ. ಎಂಟು ವರ್ಷದ ಮಧುಮೇಹಕ್ಕೆ ಇದು ಔಷಧಿಯಲ್ಲ.

ನಿಜವಾಗಿ ಕೊರತೆಯಿದೆಯೇ ಎಂದು ತಿಳಿಯಲು ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ಒಟ್ಟು ಟೆಸ್ಟೋಸ್ಟಿರೋನ್ ನೋಡಿಸಬೇಕು. ಮಧ್ಯಾಹ್ನ ಊಟ ಮಾಡಿ ಕೊಟ್ಟ ರಕ್ತದಲ್ಲಿ ಅದು ಸಾಮಾನ್ಯವಾಗಿ ಕಡಿಮೆಯೇ. ಎರಡೂ ಸಲ ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಎಲ್‌ಎಚ್, ಪ್ರೊಲ್ಯಾಕ್ಟಿನ್, ಎಸ್‌ಎಚ್‌ಬಿಜಿ ನೋಡುತ್ತಾರೆ. ಹೊಟ್ಟೆ ದಪ್ಪಗಿರುವ ಮಧುಮೇಹಿಗಳಲ್ಲಿ ಎಸ್‌ಎಚ್‌ಬಿಜಿ ಇಳಿದೇ ಒಟ್ಟು ಅಂಕಿ ಕಡಿಮೆ ಕಾಣುತ್ತದೆ, ತೂಕ ಇಳಿಸಿದರೆ ಮೇಲೇರುತ್ತದೆ. ಕೊಡಲೇಬೇಕಾದರೂ ಪಿಎಸ್‌ಎ, (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ), ಹಿಮಟೋಕ್ರಿಟ್ ನೋಡದೆ ಚುಚ್ಚಿಸಬಾರದು. ಅದಕ್ಕಿಂತ ಮೊದಲು ಸುಸ್ತಿಗೆ ಬೇರೆ ಕಾರಣ ಹುಡುಕಿ: ಏರಿದ ಶುಗರ್, ಥೈರಾಯ್ಡ್, ಬಿ12, ಗೊರಕೆಯಿಂದ ಕೆಟ್ಟ ನಿದ್ದೆ. ಅವರು ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೊಂದನ್ನು ಗಮನಿಸಿ. ಆ ಮಾತ್ರೆ ಬೀಟಾ ಕೋಶದ ಅದೇ ಪೊಟ್ಯಾಸಿಯಂ ನಾಳವನ್ನು ಮುಚ್ಚಿಸುತ್ತದೆ, ಊಟ ಬಿದ್ದಿರಲಿ ಬಿಡಲಿ ಇನ್ಸುಲಿನ್ ಹೊರಡಿಸುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಮಾತ್ರೆ ನುಂಗಿ ತೋಟಕ್ಕೆ ಹೋಗಿ ತಿಂಡಿ ಹನ್ನೊಂದಕ್ಕೆ ಮಾಡಿದರೆ ಕೈ ನಡುಗಿ, ಬೆವರಿ, ಸುಸ್ತಾಗುವುದು ಶುಗರ್ 70ಕ್ಕಿಂತ ಇಳಿದದ್ದರಿಂದ ಇರಬಹುದು. ಸುಸ್ತಾದ ಹೊತ್ತಿಗೇ ಬೆರಳು ಚುಚ್ಚಿ ನೋಡಿ. ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ನಿಮ್ಮ ಮೂವರಿಗೂ ಬೇಕಾದ್ದರಿಂದ ಹೇಳುತ್ತೇನೆ. 50 ಗ್ರಾಂ ಹಿಟ್ಟಿನ ಒಂದು ಅಕ್ಕಿ ರೊಟ್ಟಿಯಲ್ಲಿ ಸುಮಾರು 40 ಗ್ರಾಂ ಪಿಷ್ಟವಿದೆ. ಮೂರು ರೊಟ್ಟಿ ತಿಂದು ಬೆಲ್ಲದ ಕಾಫಿ ಕುಡಿದರೆ ಒಂದೇ ತಿಂಡಿಗೆ 120 ಗ್ರಾಂ ದಾಟುತ್ತದೆ, ಗ್ಲೂಕೋಸ್ ಪರೀಕ್ಷೆಯ 75 ಗ್ರಾಂಗಿಂತ ಎಷ್ಟೋ ಹೆಚ್ಚು. ರೊಟ್ಟಿ ಒಂದು ಅಥವಾ ಒಂದೂವರೆಗೆ ಇಳಿಸಿ, ಜೊತೆಗೆ ಹೆಸರುಕಾಳಿನ ಪಲ್ಯವೋ ಮೊಟ್ಟೆಯೋ ಒಂದು ಬಟ್ಟಲು, ಸೊಪ್ಪಿನ ಪಲ್ಯ ಇನ್ನೊಂದು ಬಟ್ಟಲು ಇರಲಿ. ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂಬ ನಂಬಿಕೆ ಬಿಡಿ, ಬೀಟಾ ಕೋಶಕ್ಕೆ ಎರಡೂ ಒಂದೇ. ಮಳೆಗಾಲದಲ್ಲಿ ನಡೆಯಲು ಜಾಗವಿಲ್ಲ ಎನ್ನುವವರು ಊಟವಾದ ಮೇಲೆ ಜಗಲಿಯಲ್ಲೇ 15 ನಿಮಿಷ ಅತ್ತಿಂದಿತ್ತ ನಡೆಯಬಹುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಹತ್ತರಂತೆ ಮೂರು ಸಲ ಮಾಡಬಹುದು. ದುಡಿಯುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ, ಮುಟ್ಟು ನಿಂತ ಮೇಲೂ ಈ ದಾರಿ ಮುಚ್ಚುವುದಿಲ್ಲ. ಮನೆಯಲ್ಲಿ ಎಲೆ ಅಡಿಕೆ ಹಾಕುವವರಿದ್ದರೆ ಅದನ್ನೂ ಕಡಿಮೆ ಮಾಡಿ. ಅಡಿಕೆ ಜಗಿಯುವವರಲ್ಲಿ ಮಧುಮೇಹ ಹೆಚ್ಚು ಕಂಡುಬರುತ್ತದೆ. ಅಡಿಕೆ ಬೆಳೆದು ಬದುಕುವ ಊರಿನಲ್ಲಿ ಈ ಮಾತು ರುಚಿಸದು, ಆದರೆ ಬೆಳೆಯುವುದು ಬೇರೆ, ಜಗಿಯುವುದು ಬೇರೆ.

ನಿಮ್ಮ ಮಟ್ಟಿಗೆ ಮಾಡಬೇಕಾದ ಕ್ರಮ ಹೀಗಿರಲಿ. ಈ ವಾರ ಸ್ತ್ರೀರೋಗ ತಜ್ಞರ ಭೇಟಿ, ಸ್ಕ್ಯಾನಿಂಗ್, ಒಳಪದರದ ಪರೀಕ್ಷೆ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತಿಳಿಸುವ ಫೆರಿಟಿನ್ ಪರೀಕ್ಷೆ. ರಕ್ತ ಹೋಗುವುದು ನಿಂತು ಜ್ವರ ಗಿರ ಇಲ್ಲದ ಒಂದು ಬೆಳಿಗ್ಗೆ ಗ್ಲೂಕೋಸ್ ಪರೀಕ್ಷೆ. ಹಿಮೋಗ್ಲೋಬಿನ್ 12 ಮುಟ್ಟಿ ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಮತ್ತೊಮ್ಮೆ. ನಡುವೆ ಬಾಯಾರಿಕೆ ಹೆಚ್ಚಿ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವಂತಾಗಿ, ತೂಕ ಇಳಿಯತೊಡಗಿದರೆ ಇದ್ಯಾವುದಕ್ಕೂ ಕಾಯದೆ ಅದೇ ದಿನ ಶುಗರ್ ನೋಡಿಸಿ.